ಪದ್ಮಿನಿಗೆ ಕೂಡಿಸಿದ ಜಿಪ್ಸಿ ಎಂಜಿನ್ ಬಿಸಿಯಾದ ಮೇಲೆ ನಿಂತುಹೋದರೆ: ದೋಷ ನಿವಾರಣೆ ಕೈಪಿಡಿ

ಪ್ರೀಮಿಯರ್ ಪದ್ಮಿನಿಯ ಮೂಲ ಎಂಜಿನ್ 1089 ಸಿಸಿಯದು, ಅದರ ಬಲ ಸುಮಾರು 40 ಅಶ್ವಶಕ್ತಿ. ಆ ಜಾಗಕ್ಕೆ ಮಾರುತಿ ಜಿಪ್ಸಿ ಕಿಂಗ್‌ನ 1298 ಸಿಸಿ, ಹದಿನಾರು ವಾಲ್ವಿನ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ನನ್ನು ಆರಿಸಿಕೊಳ್ಳುವುದಕ್ಕೆ ತಕ್ಕ ಕಾರಣವಿದೆ. ಝೆನ್, ಎಸ್ಟೀಮ್‌ಗಳಲ್ಲಿ ಎಂಜಿನ್ ಅಡ್ಡವಾಗಿ ಕೂತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಜಿಪ್ಸಿಯಲ್ಲಿ ಅದು ಪದ್ಮಿನಿಯಲ್ಲಿರುವಂತೆಯೇ ಉದ್ದಕ್ಕೆ ಕೂರುತ್ತದೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿರದೆ ಒಂದು ಗಿಡ್ಡ ಶಾಫ್ಟಿನಿಂದ ಜೋಡಣೆಯಾಗಿರುವುದರಿಂದ, ಅದನ್ನು ಅಲ್ಲಿಯೇ ಬಿಟ್ಟು ಗೇರ್‌ಬಾಕ್ಸನ್ನು ಮಾತ್ರ ತಂದು, ಲೇತಿನಲ್ಲಿ ಫ್ಲೇಂಜ್ ಮಾಡಿಸಿ, ಪದ್ಮಿನಿಯ ಪ್ರೊಪೆಲ್ಲರ್ ಶಾಫ್ಟಿಗೆ ಕೂಡಿಸಲು ಸಾಧ್ಯವಾಗುತ್ತದೆ.

ಹೀಗೆ ಮಾರ್ಪಡಿಸಿದ ಕಾರಿನಲ್ಲಿ ಬಹಳಷ್ಟು ತಲೆನೋವು ಕೊಡುವ ದೋಷವೊಂದಿದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ತುಮಕೂರಿನಿಂದ ಸಿರಾ ಕಡೆಗಿನ ಹೆದ್ದಾರಿಯಲ್ಲಿ ಒಂದು ಮಿಸ್ಸಿಂಗ್ ಕೂಡ ಇಲ್ಲದೆ ಓಡುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನ ಕ್ಯಾತ್ಸಂದ್ರದ ಟೋಲ್ ಸಾಲಿನಲ್ಲಿ ನಿಂತಾಗ, ಇಲ್ಲವೇ ದೇವರಾಯನದುರ್ಗದ ತಿರುವುಗಳನ್ನು ಹತ್ತುವಾಗ, ನಿಂತುಹೋಗುತ್ತದೆ. ಬಾನೆಟ್ ತೆರೆದು ಸ್ವಲ್ಪ ಹೊತ್ತು ಬಿಟ್ಟರೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಗ್ಯಾರೇಜಿಗೆ ತಂದರೆ ದೋಷ ಕಾಣಿಸುವುದಿಲ್ಲ. ಇಂಥ ಕಾರಿಗೆ ರೇಡಿಯೇಟರ್, ಪೆಟ್ರೋಲ್ ಪಂಪ್, ಕಾಯಿಲ್, ಸೆನ್ಸರ್ ಎಂದು ಒಂದೊಂದೇ ಬದಲಿಸುತ್ತ ಹೋಗುವುದು ಸಾಮಾನ್ಯ ಪದ್ಧತಿ. ಈ ಕೈಪಿಡಿ ಅದಕ್ಕೆ ಬದಲಾಗಿ ಅಳತೆಯಿಂದ ದೋಷವನ್ನು ಹಿಡಿಯುವ ಕ್ರಮವನ್ನು ವಿವರಿಸುತ್ತದೆ. ಬೇರೆ ಇಂಜೆಕ್ಷನ್ ಎಂಜಿನ್ ಕೂಡಿಸಿದವರಿಗೂ ಕ್ರಮ ಇದೇ. ಅಂಕಿಗಳನ್ನು ಮಾತ್ರ ಆಯಾ ಎಂಜಿನ್ನಿನ ಸರ್ವಿಸ್ ಪುಸ್ತಕದಿಂದ ತೆಗೆದುಕೊಳ್ಳಬೇಕು.

ಮೊದಲೇ ಹೇಳಬೇಕಾದ ಮಾತೊಂದಿದೆ. ದೋಷ ಎಂಜಿನ್ನಿನ ಒಳಗಿರುವುದು ಅಪರೂಪ. ಎಂಜಿನ್ ತನ್ನ ಸ್ವಂತ ವಾಹನದಲ್ಲಿದ್ದಾಗ ಅದಕ್ಕೆ ಬೇಕಾದ ಕರೆಂಟು, ಅರ್ತ್, ಒತ್ತಡದ ಪೆಟ್ರೋಲು, ತಂಪು ನೀರು ಎಲ್ಲವೂ ಅದಕ್ಕೆಂದೇ ಲೆಕ್ಕ ಹಾಕಿದ ದಾರಿಗಳಿಂದ ಬರುತ್ತಿದ್ದವು. ಪದ್ಮಿನಿಗೆ ಬಂದ ಮೇಲೆ ಅವೆಲ್ಲ ಕಾರ್ಬ್ಯುರೇಟರ್ ಕಾಲದ ದಾರಿಗಳಿಂದ ಬರುತ್ತವೆ. ಹಳೆಯದೂ ಹೊಸದೂ ಸೇರುವ ಆ ಜಾಗಗಳಲ್ಲೇ ದೋಷವನ್ನು ಹುಡುಕಬೇಕು. ಇನ್ನೊಂದು ಮಾತು: ‘ಬಿಸಿಯಾದ ಮೇಲೆ’ ಎಂಬ ದೂರನ್ನು ಹಾಗೆಯೇ ನಂಬಬಾರದು. ಅರ್ಧ ಗಂಟೆ ಓಡಿದ ಮೇಲೆ ಕಾಣಿಸಿಕೊಳ್ಳುವ ದೋಷಗಳಲ್ಲಿ ಎಷ್ಟೋ ಬಾರಿ ಕಾರಣ ಶಾಖವಾಗಿರುವುದಿಲ್ಲ, ಕಳೆದ ಸಮಯವಾಗಿರುತ್ತದೆ. ಅಂಥ ಎರಡು ದೋಷಗಳು ಮುಂದೆ ಬರುತ್ತವೆ.

ಮುಂದಿನ ಪರೀಕ್ಷೆಗಳಲ್ಲಿ ಕೆಲವನ್ನು ರಸ್ತೆಯಲ್ಲಿ ಮಾಡಬೇಕಾಗುವುದರಿಂದ ಕಾನೂನಿನ ವಿಷಯವನ್ನು ಇಲ್ಲಿಯೇ ಮುಗಿಸುವುದು ಒಳ್ಳೆಯದು. ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಅರ್ಥೈಸಿದೆ. ಆದ್ದರಿಂದ ಎಂಜಿನ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ತುಮಕೂರಿನ ಕೆಎ-06 ಸಂಖ್ಯೆಯ ಕಾರಾದರೂ ಕೋಲಾರದ ಕೆಎ-07 ಆದರೂ ನಿಯಮ ಒಂದೇ. ಅನುಮತಿ ಇಲ್ಲದ ಕಾರನ್ನು ಸ್ವಂತ ಜಾಗದ ಆವರಣದೊಳಗೆ ಮಾತ್ರ ಪರೀಕ್ಷಿಸಬೇಕು.

ನಿಲ್ಲುವ ರೀತಿಯನ್ನು ಗಮನಿಸುವುದು

ಕೀಲಿ ತಿರುಗಿಸಿ ಆರಿಸಿದಂತೆ ಒಂದೇ ಕ್ಷಣದಲ್ಲಿ ಎಂಜಿನ್ ಸತ್ತರೆ ವಿದ್ಯುತ್ತನ್ನು ಸಂಶಯಿಸಬೇಕು. ಪಿಕಪ್ ಕಡಿಮೆಯಾಗುತ್ತ, ಮುಗ್ಗರಿಸುತ್ತ, ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನಷ್ಟು ಕುಸಿಯುತ್ತ ಕೆಲವು ಸೆಕೆಂಡುಗಳಲ್ಲಿ ನಿಂತರೆ ಪೆಟ್ರೋಲನ್ನು ಸಂಶಯಿಸಬೇಕು. ಓಡುವಾಗ ಯಾವ ತೊಂದರೆಯೂ ಇಲ್ಲದೆ, ಸಿಗ್ನಲ್ ಬಳಿ ಕ್ಲಚ್ ಒತ್ತಿದಾಗ ಮಾತ್ರ ಆರಿಹೋಗುತ್ತಿದ್ದರೆ ಅದು ಐಡ್ಲಿಂಗ್ ನಿಯಂತ್ರಣದ ವಿಷಯ. ನಿಲ್ಲಿಸಿ ಹತ್ತು-ಹದಿನೈದು ನಿಮಿಷ ಬಿಟ್ಟ ಮೇಲೆ ಮತ್ತೆ ಸ್ಟಾರ್ಟ್ ಆಗದಿರುವುದು ಇವೆಲ್ಲಕ್ಕಿಂತ ಬೇರೆಯಾದ ದೋಷ. ಎಂಜಿನ್ ಆರಿಸಿದಾಗ ಫ್ಯಾನಿನ ಗಾಳಿಯೂ ನೀರಿನ ಓಟವೂ ನಿಲ್ಲುವುದರಿಂದ ಬಾನೆಟ್ಟಿನೊಳಗಿನ ಶಾಖ ಸ್ವಲ್ಪ ಹೊತ್ತು ಇಳಿಯದೆ ಏರುತ್ತದೆ, ಮತ್ತು ಪೆಟ್ರೋಲ್ ರೈಲ್ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ), ಸೆನ್ಸರ್, ಸೆಲ್ಫ್ ಮೋಟರ್ ಮೂರೂ ಆಗ ಅತಿ ಹೆಚ್ಚು ಬಿಸಿಯಾಗಿರುತ್ತವೆ.

ಕಾರಿನ ಮಾಲೀಕರನ್ನು ಇವುಗಳಲ್ಲಿ ಯಾವುದೆಂದು ಕೇಳಿದರೆ ಬಹುಪಾಲು ‘ಸುಮ್ಮನೆ ಆಫ್ ಆಗುತ್ತೆ’ ಎಂಬ ಉತ್ತರ ಬರುತ್ತದೆ. ಆ ಉತ್ತರವನ್ನು ನಂಬಿ ಕೆಲಸ ಶುರು ಮಾಡುವ ಬದಲು ಮೆಕ್ಯಾನಿಕ್ ಒಮ್ಮೆ ತಾವೇ ಪಕ್ಕದಲ್ಲಿ ಕೂತು ನೋಡುವುದು ಲೇಸು.

ಮೂರು ಬಲ್ಬು, ಒಂದು ಗೇಜು

ಈ ದೋಷದ ನಿಜವಾದ ಕಷ್ಟವೆಂದರೆ, ಕಾರು ನಿಂತು, ಬಾನೆಟ್ ತೆರೆದು, ಮೀಟರ್ ಹಿಡಿಯುವಷ್ಟರಲ್ಲಿ ಸಾಕ್ಷಿ ಮಾಯವಾಗಿರುತ್ತದೆ. ಆದ್ದರಿಂದ ಅಳತೆಯ ಸಾಧನಗಳನ್ನು ಮೊದಲೇ ಕಟ್ಟಿಕೊಂಡು ಹೊರಡಬೇಕು. ಡ್ಯಾಶ್‌ಬೋರ್ಡಿನ ಮೇಲೆ 12 ವೋಲ್ಟಿನ, 3ರಿಂದ 5 ವ್ಯಾಟಿನ ಮೂರು ಸಾಧಾರಣ ಬಲ್ಬುಗಳನ್ನು ಸಾಲಾಗಿ ಅಂಟಿಸಿ, ಪ್ರತಿಯೊಂದರ ವೈರಿನಲ್ಲೂ 2 ಆಂಪಿಯರ್ ಫ್ಯೂಸ್ ಹಾಕಬೇಕು. ಎಲ್‌ಇಡಿ ಬೇಡ: ತಂತಿಯ ಬಲ್ಬು ವೋಲ್ಟೇಜ್ ಕುಸಿದಂತೆ ಮಂಕಾಗಿ ಕುಸಿತವನ್ನು ಕಣ್ಣಿಗೆ ತೋರಿಸುತ್ತದೆ, ಎಲ್‌ಇಡಿ ಅರೆಬರೆ ವೋಲ್ಟೇಜಿನಲ್ಲೂ ಉರಿದು ದಾರಿ ತಪ್ಪಿಸುತ್ತದೆ.

ಮೊದಲನೆಯ ಬಲ್ಬನ್ನು ಎಂಜಿನ್ ನಿಯಂತ್ರಣ ಪೆಟ್ಟಿಗೆಗೆ, ಅಂದರೆ ಇಸಿಎಂಗೆ, ಕರೆಂಟ್ ಕೊಡುವ ಮುಖ್ಯ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಹೊರದಾರಿಗೆ ಕೂಡಿಸಬೇಕು. ಎರಡನೆಯದನ್ನು ಇಗ್ನಿಷನ್ ಕಾಯಿಲಿಗೆ ಬರುವ ಪಾಸಿಟಿವ್ ವೈರಿಗೆ ಕೂಡಿಸಬೇಕು. ಮೂರನೆಯದನ್ನು ಪೆಟ್ರೋಲ್ ಪಂಪಿನ ಎರಡೂ ವೈರುಗಳಿಗೆ ಅಡ್ಡಲಾಗಿ, ಪಂಪಿನ ಹತ್ತಿರವೇ ಕೂಡಿಸಬೇಕು. ಹಾಗೆ ಮಾಡಿದರೆ ಪಾಸಿಟಿವ್ ಹೋದರೂ ಅರ್ತ್ ಹೋದರೂ ಆ ಬಲ್ಬು ಆರುತ್ತದೆ. ಪೆಟ್ರೋಲ್ ಒತ್ತಡದ ಗೇಜನ್ನು ರೈಲಿಗೆ ಬರುವ ಪೈಪಿನಲ್ಲಿ ಟೀ ಹಾಕಿ ಕೂಡಿಸಿ, ಗಾಜಿನ ಹೊರಗೆ, ವೈಪರ್ ಬಳಿ ಕಟ್ಟಬೇಕು. ಒತ್ತಡದ ಪೆಟ್ರೋಲ್ ಪೈಪನ್ನು ಯಾವ ಕಾರಣಕ್ಕೂ ಕಾರಿನೊಳಗೆ ತರಬಾರದು; ಪೈಪ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಒತ್ತಡ ಇಳಿಸಬೇಕು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಪದ್ಮಿನಿಯಲ್ಲಿ ಟ್ಯಾಕೋಮೀಟರ್ (ಎಂಜಿನ್ ತಿರುಗುವ ವೇಗ ತೋರಿಸುವ ಮೀಟರ್) ಇಲ್ಲದಿರುವುದರಿಂದ ಒಂದನ್ನು ತಾತ್ಕಾಲಿಕವಾಗಿಯಾದರೂ ಹಾಕಿಕೊಳ್ಳಬೇಕು.

ಖಾಲಿ ರಸ್ತೆಯಲ್ಲಿ ಎಂಜಿನ್ ನಿಂತ ಕೂಡಲೆ ಕ್ಲಚ್ ಒತ್ತದೆ, ಗೇರಿನಲ್ಲೇ ಬಿಟ್ಟು ಕಾರನ್ನು ಉರುಳಲು ಬಿಡಬೇಕು. ಇದರಲ್ಲಿ ಒಂದು ಸೂಕ್ಷ್ಮವಿದೆ. ಎಂಜಿನ್ ತಿರುಗುವುದು ನಿಂತರೆ ಇಸಿಎಂ ಪಂಪನ್ನು ತಾನೇ ಆರಿಸುತ್ತದೆ. ಆಗ ಆರಿದ ಬಲ್ಬು ದೋಷದ ಕಾರಣವೋ ಪರಿಣಾಮವೋ ತಿಳಿಯುವುದಿಲ್ಲ. ಗೇರಿನಲ್ಲಿ ಉರುಳುತ್ತಿರುವ ತನಕ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಪಂಪಿನ ಬಲ್ಬು ಉರಿಯುತ್ತಲೇ ಇರಬೇಕು. ಪಕ್ಕದಲ್ಲಿ ಕೂತವರು ಆ ಕೆಲವು ಸೆಕೆಂಡುಗಳಲ್ಲಿ ಬಲ್ಬು, ಗೇಜು, ಟ್ಯಾಕೋಮೀಟರನ್ನು ನೋಡಿ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ವಿಡಿಯೋ ಹಿಡಿಯುವುದು ಇನ್ನೂ ಸುಲಭ.

ಮೂರೂ ಬಲ್ಬುಗಳು ಒಟ್ಟಿಗೆ ಮಂಕಾದರೆ ಅಥವಾ ಆರಿದರೆ ದೋಷ ಮೂಲ ವಿದ್ಯುತ್ ದಾರಿಯಲ್ಲಿದೆ. ಪಂಪಿನದು ಮಾತ್ರ ಆರಿ ಟ್ಯಾಕೋಮೀಟರ್ ಮುಳ್ಳು ಜೀವಂತವಾಗಿದ್ದರೆ ಪಂಪಿನ ರಿಲೇ ಅಥವಾ ವೈರು; ಪಂಪಿನ ಬಲ್ಬು ಆರುವುದರ ಜೊತೆಗೆ, ಕಾರು ಇನ್ನೂ ಉರುಳುತ್ತಿರುವಾಗಲೇ, ಮುಳ್ಳು ಸೊನ್ನೆಗೆ ಬಿದ್ದರೆ ಎಂಜಿನ್ ತಿರುಗುತ್ತಿರುವ ಸಂಕೇತವೇ ಇಸಿಎಂಗೆ ತಲುಪುತ್ತಿಲ್ಲ. ಮೂರೂ ಬಲ್ಬು ಉರಿಯುತ್ತಿದ್ದು ಗೇಜಿನ ಒತ್ತಡ ಇಳಿದಿದ್ದರೆ ಪೆಟ್ರೋಲ್ ದಾರಿ. ಬಲ್ಬುಗಳೂ ಒತ್ತಡವೂ ಸರಿಯಿದ್ದರೆ ಮಾತ್ರ ಕಾಯಿಲ್, ಇಗ್ನೈಟರ್ (ಕಾಯಿಲಿನ ಕರೆಂಟನ್ನು ಹಾಯಿಸಿ ಕಡಿಯುವ ಸಾಧನ), ಗಾಳಿಯ ದಾರಿಗಳ ಕಡೆಗೆ ಹೋಗಬೇಕು. ಕಾಯಿಲಿನ ನೆಗೆಟಿವ್ ಕಡೆಯಿಂದ ಸಂಕೇತ ಪಡೆಯುವ ಟ್ಯಾಕೋಮೀಟರ್ ಆಗಿದ್ದರೆ ಇಗ್ನೈಟರ್ ಸತ್ತಾಗಲೂ ಮುಳ್ಳು ಬೀಳುತ್ತದೆ ಎಂಬುದು ನೆನಪಿರಲಿ. ಆಗ ಪಂಪಿನ ಬಲ್ಬೇ ತೀರ್ಪು ಹೇಳಬೇಕು.

ಅರ್ತ್ ಮತ್ತು ಕರೆಂಟ್

ಇಂಥ ಕಾರುಗಳ ದೋಷಗಳಲ್ಲಿ ಹೆಚ್ಚಿನ ಪಾಲು ಇಲ್ಲಿಯೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ಈ ಭಾಗಕ್ಕೆ ಹೆಚ್ಚು ಸಮಯ ಕೊಡಬೇಕು. ಪದ್ಮಿನಿಯ ವೈರಿಂಗ್ ದೀಪ, ಹಾರ್ನ್, ವೈಪರ್, ಒಂದು ಕಾಯಿಲ್ ಇಷ್ಟಕ್ಕೆ ಸಾಕಾಗುವಂತೆ ಮಾಡಿದ್ದು. ಹೊಸ ಎಂಜಿನ್ನಿಗೆ ಪಂಪ್ ಸುಮಾರು 5 ಆಂಪಿಯರ್, ವಿದ್ಯುತ್ ಫ್ಯಾನ್ 10ರಿಂದ 15, ಇಂಜೆಕ್ಟರ್, ಕಾಯಿಲ್, ಇಸಿಎಂ ಸೇರಿ 5ರಿಂದ 8, ಹೆಡ್‌ಲೈಟ್ ಹಾಕಿದರೆ ಇನ್ನೊಂದು 10 ಆಂಪಿಯರ್ ಬೇಕು.

ಮೊದಲ ಅಳತೆ ಅರ್ತಿನದು. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ (ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ), ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಬೇಕು. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸೋತಿದೆ. ಅನಂತರ ಎಂಜಿನ್ ಓಡುತ್ತಿರುವಾಗ, ಫ್ಯಾನ್, ಹೆಡ್‌ಲೈಟ್ ಎಲ್ಲವನ್ನೂ ಹಾಕಿ, ಅದೇ ಕಂಬಕ್ಕೂ ಇಸಿಎಂನ ಅರ್ತ್ ಪಿನ್ನಿಗೂ ನಡುವೆ ಅಳೆಯಬೇಕು, ಇಲ್ಲಿ 0.1 ವೋಲ್ಟೇ ಗಡಿ. ಸೆನ್ಸರುಗಳೆಲ್ಲ 5 ವೋಲ್ಟಿನ ಲೆಕ್ಕದಲ್ಲಿ ಮಾತನಾಡುವುದರಿಂದ ಅರ್ತ್ 0.3 ವೋಲ್ಟ್ ಮೇಲೆದ್ದರೂ ಇಸಿಎಂಗೆ ತಲುಪುವ ಅಂಕಿಗಳು ಸುಳ್ಳಾಗುತ್ತವೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಇದೇ ಅಳತೆಯನ್ನು ಮತ್ತೊಮ್ಮೆ ಮಾಡಬೇಕು, ಏಕೆಂದರೆ ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 25 ಡಿಗ್ರಿಯಿಂದ 90 ಡಿಗ್ರಿಗೆ ಹೋದಾಗ ಅದು ಕಾಲುಭಾಗದಷ್ಟು ಹೆಚ್ಚಾಗಿರುತ್ತದೆ, ಮತ್ತು ಸಡಿಲವಾದ ಲಗ್ಗಿನಲ್ಲಿ (ಕೇಬಲಿನ ತುದಿಯ ಲೋಹದ ಬಳೆಯಲ್ಲಿ) ಅದಕ್ಕಿಂತಲೂ ಹೆಚ್ಚು. ತಣ್ಣಗಿರುವಾಗ ಹೇಗೋ ಪಾಸಾಗುವ ಜೋಡಣೆ ಬಿಸಿಯಲ್ಲಿ ಫೇಲಾಗುವುದು ಹೀಗೆ.

ಮೀಟರ್ ಇಲ್ಲದೆಯೂ ಸಿಗುವ ಸುಳಿವೊಂದಿದೆ. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುವುದರಿಂದ, ಬ್ಲಾಕಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಇಲ್ಲದಿದ್ದರೆ ಸೆಲ್ಫಿನ ಕರೆಂಟ್ ಆಕ್ಸಿಲರೇಟರ್ ಕೇಬಲಿನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಕೆಲವು ಸಲ ಸೆಲ್ಫ್ ಹೊಡೆದ ಮೇಲೆ ಕೇಬಲ್ ಕೈಗೆ ಬೆಚ್ಚಗೆ ತಾಗಿದರೆ, ಇಲ್ಲವೇ ಪೆಡಲ್ ದಿನೇ ದಿನೇ ಬಿಗಿಯಾಗುತ್ತಿದ್ದರೆ, ಬೇರೆ ಪುರಾವೆ ಬೇಕಿಲ್ಲ.

ಪರಿಹಾರ ಸರಳವಾದರೂ ಅರೆಮನಸ್ಸಿನಿಂದ ಮಾಡುವಂಥದ್ದಲ್ಲ. ಬ್ಯಾಟರಿ ನೆಗೆಟಿವ್‌ನಿಂದ ನೇರವಾಗಿ ಬ್ಲಾಕಿಗೆ 25 ಚದರ ಮಿಲಿಮೀಟರಿನ ಕೇಬಲ್, ಬ್ಲಾಕಿನಿಂದ ಬಾಡಿಗೆ 16ರದ್ದು ಎಳೆಯಬೇಕು. ಇಸಿಎಂನ ಅರ್ತ್ ವೈರುಗಳು ಜಿಪ್ಸಿಯಲ್ಲಿ ಎಂಜಿನ್ನಿಗೇ ಬಿಗಿದಿರುತ್ತವೆ. ಪದ್ಮಿನಿಯಲ್ಲಿ ಅವನ್ನು ಪೇಂಟ್ ಬಳಿದ ಫೈರ್‌ವಾಲಿಗೆ ಒಂದು ಸ್ಕ್ರೂ ಹೊಡೆದು ಸಿಗಿಸುವ ಅಭ್ಯಾಸ ಎಲ್ಲ ಕಡೆ ಕಾಣುತ್ತದೆ, ಅದನ್ನು ತಪ್ಪಿಸಿ ಬ್ಲಾಕಿಗೇ ಒಯ್ಯಬೇಕು. ಲಗ್ಗುಗಳನ್ನು ಒತ್ತುವ ಮೊದಲು ಪೇಂಟ್, ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಬೇಕು.

ಪಾಸಿಟಿವ್ ಕಡೆಯಲ್ಲಿ ಶಂಕಿತ ಯಾವಾಗಲೂ ಹಳೆಯ ಇಗ್ನಿಷನ್ ಸ್ವಿಚ್. ಅದರ ಒಳಗಿನ ತಾಮ್ರದ ತಟ್ಟೆಗಳು ಸವೆದಿರುತ್ತವೆ, ಅದರ ಮೂಲಕ ಪಂಪ್, ಕಾಯಿಲ್, ಇಸಿಎಂ ಮೂರಕ್ಕೂ ಕರೆಂಟ್ ಹರಿಸಿದರೆ ಸ್ವಿಚ್ ಕಾದು ವೋಲ್ಟೇಜ್ ಬೀಳುತ್ತದೆ. ಬ್ಯಾಟರಿ ಪಾಸಿಟಿವ್ ಕಂಬಕ್ಕೂ ಇಸಿಎಂನ ಪಾಸಿಟಿವ್ ಪಿನ್ನಿಗೂ ನಡುವೆ ಅಳೆದಾಗ 0.3 ವೋಲ್ಟ್ ಮೀರಿದರೆ, ಸ್ವಿಚ್ಚಿನಿಂದ ರಿಲೇಯ 86ನೆಯ ಕಾಲಿಗೆ ಮಾತ್ರ ಸಣ್ಣ ಕರೆಂಟ್ ಕೊಟ್ಟು, 30 ಮತ್ತು 87ರ ಮೂಲಕ ಭಾರವನ್ನು ಬ್ಯಾಟರಿಯಿಂದ ಫ್ಯೂಸ್ ಸಹಿತ ನೇರವಾಗಿ ಹರಿಸಬೇಕು. ಬಿಸಿಯಲ್ಲಿ ಸೆಲ್ಫ್ ಬರೀ ‘ಟಕ್’ ಎಂದು ನಿಲ್ಲುವ ದೋಷಕ್ಕೂ ಇದೇ ಮದ್ದು: ಸೆಲ್ಫ್ ಮೋಟರಿನ ಸಾಲಿನಾಯ್ಡಿಗೆ (ಅದರ ವಿದ್ಯುತ್ಕಾಂತದ ಸ್ವಿಚ್ಚಿಗೆ) ಹೋಗುವ ತೆಳು ವೈರಿಗೆ ಪ್ರತ್ಯೇಕ ರಿಲೇ ಹಾಕಬೇಕು.

ಈಗ, ಶಾಖದ ವೇಷ ಹಾಕಿ ಬರುವ ಮೊದಲನೆಯ ದೋಷ. ಅನೇಕ ಆಲ್ಟರ್ನೇಟರುಗಳು ಚಾರ್ಜ್ ದೀಪದ ಬಲ್ಬಿನ ಮೂಲಕ ಬರುವ ಸಣ್ಣ ಕರೆಂಟಿನಿಂದಲೇ ಎಚ್ಚರಗೊಳ್ಳುತ್ತವೆ. ಡ್ಯಾಶ್‌ಬೋರ್ಡಿನ ಆ ಬಲ್ಬು ಸುಟ್ಟಿದ್ದರೆ, ಅಥವಾ ಅಂದಕ್ಕೆಂದು ಅಲ್ಲಿ ಎಲ್‌ಇಡಿ ಹಾಕಿದ್ದರೆ, ಆಲ್ಟರ್ನೇಟರ್ ಕೆಲಸ ಶುರು ಮಾಡುವುದೇ ಇಲ್ಲ ಅಥವಾ ಜೋರಾಗಿ ರೇಸ್ ಮಾಡಿದ ಮೇಲಷ್ಟೇ ಮಾಡುತ್ತದೆ. ಕಾರು ಬ್ಯಾಟರಿಯ ಮೇಲೆಯೇ ಓಡುತ್ತ ಹೋಗಿ, ಟೋಲ್ ಸಾಲಿನಲ್ಲಿ ಫ್ಯಾನ್ ತಿರುಗಿದ ಕೂಡಲೆ ವೋಲ್ಟೇಜ್ ನೆಲ ಕಚ್ಚಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಬ್ಯಾಟರಿ ತುಸು ಚೇತರಿಸಿಕೊಂಡು ಮತ್ತೆ ಸ್ಟಾರ್ಟ್ ಆಗುತ್ತದೆ. ನೋಡುವವರು ಬಿಸಿಯನ್ನು ದೂರುತ್ತಾರೆ. ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಐಡ್ಲಿಂಗಿನಲ್ಲಿ ಫ್ಯಾನ್, ಹೆಡ್‌ಲೈಟ್ ಹಾಕಿದಾಗಲೂ 13.2ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಬೆಲ್ಟ್, ಪುಲ್ಲಿ, ಚಾರ್ಜಿಂಗ್ ವೈರನ್ನು ನೋಡಬೇಕು. ಹಳೆಯ ಚಾರ್ಜಿಂಗ್ ವೈರನ್ನೇ ಉಳಿಸಿಕೊಂಡಿದ್ದರೆ ಅದನ್ನು ಬಿಟ್ಟು ಆಲ್ಟರ್ನೇಟರಿನಿಂದ ಬ್ಯಾಟರಿಗೆ ನೇರವಾಗಿ 10 ಚದರ ಮಿಲಿಮೀಟರಿನ ಹೊಸ ವೈರ್ ಎಳೆಯುವುದು ಉತ್ತಮ.

ಪೆಟ್ರೋಲ್ ದಾರಿ

ಕಾರ್ಬ್ಯುರೇಟರಿಗೆ ಪೆಟ್ರೋಲು 0.2-0.3 ಬಾರ್ ಒತ್ತಡದಲ್ಲಿ ಬಂದರೆ ಸಾಕಾಗಿತ್ತು. ಇಂಜೆಕ್ಷನ್ ಎಂಜಿನ್ನಿಗೆ 2.5ರಿಂದ 3 ಬಾರ್ ಬೇಕು, ಹೆಚ್ಚಾದದ್ದು ಟ್ಯಾಂಕಿಗೆ ಹಿಂದಿರುಗಲು ಇನ್ನೊಂದು ಪೈಪೂ ಬೇಕು. ಗೇಜಿನ ಮುಳ್ಳು ಇಳಿಯುತ್ತಿರುವುದನ್ನು ಕಂಡವರು ತಕ್ಷಣ ಪಂಪ್ ಬದಲಿಸುತ್ತಾರೆ. ಪಂಪ್ ಕೆಟ್ಟಿರಲೂಬಹುದು, ಆದರೆ ಅದಕ್ಕೆ ಮುಂಚೆ ಪಂಪಿಗೆ ಪೆಟ್ರೋಲ್ ತಲುಪುತ್ತಿದೆಯೇ ಎಂದು ನೋಡಬೇಕು.

ಶಾಖದ ವೇಷದ ಎರಡನೆಯ ದೋಷ ಟ್ಯಾಂಕಿನ ಮುಚ್ಚಳ. ಗುಜರಿಯಿಂದ ತಂದ, ಗಾಳಿಯ ರಂಧ್ರವಿಲ್ಲದ ಮುಚ್ಚಳ ಹಾಕಿದ್ದರೆ ಪೆಟ್ರೋಲ್ ಖಾಲಿಯಾದಂತೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆದು, ಸ್ವಲ್ಪ ದೂರ ಹೋದ ಮೇಲೆ ಪಂಪ್ ಎಳೆಯಲಾರದಂತಾಗುತ್ತದೆ. ಕಾರು ನಿಂತ ಕೂಡಲೆ ಮುಚ್ಚಳ ತೆರೆದಾಗ ‘ಸುಯ್’ ಎಂದು ಗಾಳಿ ಒಳನುಗ್ಗಿದರೆ, ಮತ್ತು ಆಮೇಲೆ ಎಂಜಿನ್ ತಕ್ಷಣ ಹೊರಟರೆ, ದೋಷ ಸಿಕ್ಕಿತು.

ಮುಚ್ಚಳ ಸರಿಯಿದ್ದರೆ ಹಿಂದಿರುಗುವ ಪೈಪನ್ನು ಟ್ಯಾಂಕಿನ ಬಳಿ ಬಿಚ್ಚಿ, ಅಳತೆಯ ಡಬ್ಬಿಗೆ ಬಿಟ್ಟು, ಪಂಪನ್ನು ನೇರ ಕರೆಂಟಿನಿಂದ ಅರ್ಧ ನಿಮಿಷ ಓಡಿಸಬೇಕು. ಅರ್ಧ ಲೀಟರಾದರೂ ಬರಬೇಕು. ಅಂದರೆ ಗಂಟೆಗೆ 60 ಲೀಟರ್. 80 ಅಶ್ವಶಕ್ತಿಯ ಎಂಜಿನ್ ಪೂರ್ತಿ ಎಳೆಯುವಾಗಲೂ ಗಂಟೆಗೆ 25 ಲೀಟರಿನ ಆಸುಪಾಸಿನಲ್ಲೇ ಕುಡಿಯುವುದರಿಂದ ಇದು ಧಾರಾಳ. ತಣ್ಣಗಿರುವಾಗ ಅರ್ಧ ಲೀಟರ್ ಬಂದು ಬಿಸಿಯಲ್ಲಿ ಅದರ ಅರ್ಧವೂ ಬಾರದಿದ್ದರೆ ಪಂಪಿನ ಎಳೆತದ ಕಡೆಯಲ್ಲಿ ಪೆಟ್ರೋಲ್ ಆವಿಯಾಗುತ್ತಿದೆ. ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಹೊರಗೆ ಕೂಡಿಸುವ ಪಂಪನ್ನು ಟ್ಯಾಂಕಿನ ಮಟ್ಟಕ್ಕಿಂತ ಮೇಲೆ ಇಟ್ಟಿದ್ದರೆ, ಅಥವಾ ಸೈಲೆನ್ಸರ್ ಪಕ್ಕದಲ್ಲಿ ಇಟ್ಟಿದ್ದರೆ, ಬೇಸಿಗೆಯಲ್ಲಿ ಇದು ತಪ್ಪದು. ಇದರ ಜೊತೆಗೆ ಎಂಜಿನ್ನಿನ ಶಾಖ ಹೊತ್ತ ಪೆಟ್ರೋಲು ಹಿಂದಿರುಗಿ ಟ್ಯಾಂಕನ್ನೇ ಬೆಚ್ಚಗೆ ಮಾಡುತ್ತಿರುತ್ತದೆ. ಆದ್ದರಿಂದ ದೋಷ ಟ್ಯಾಂಕ್ ತುಂಬಿದ್ದಾಗ ಕಾಣದೆ, ಕಾಲುಭಾಗಕ್ಕೆ ಇಳಿದಾಗ ಮಾತ್ರ ಕಾಣಿಸಿದರೆ ಅದು ದೊಡ್ಡ ಸುಳಿವು. ಪಂಪನ್ನು ಟ್ಯಾಂಕಿನ ತಳಕ್ಕಿಂತ ಕೆಳಗೆ, ತಂಪು ಗಾಳಿ ತಾಗುವ ಕಡೆಗೆ, ಕಲ್ಲೇಟು ಬೀಳದಂತೆ ಮರೆಮಾಡಿ ಕೂಡಿಸಬೇಕು.

ಬೆಟ್ಟದ ತಿರುವುಗಳಲ್ಲಿ ಮಾತ್ರ ಮುಗ್ಗರಿಸುವ ಕಾರಿಗೆ ಕಾರಣ ಬೇರೆ. ಹಳೆಯ ಟ್ಯಾಂಕಿನೊಳಗೆ ಪೆಟ್ರೋಲನ್ನು ಹಿಡಿದಿಡುವ ಗೋಡೆಗಳಿಲ್ಲ. ತಿರುವಿನಲ್ಲಿ ಅದು ಒಂದು ಮಗ್ಗುಲಿಗೆ ಸರಿದಾಗ ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಕಾರ್ಬ್ಯುರೇಟರಿನ ತೊಟ್ಟಿಯಲ್ಲಿ ಕೆಲವು ಕ್ಷಣಕ್ಕೆ ಸಾಕಾಗುವಷ್ಟು ಪೆಟ್ರೋಲ್ ಇರುತ್ತಿದ್ದುದರಿಂದ ಮೊದಲು ಇದು ಗೊತ್ತಾಗುತ್ತಿರಲಿಲ್ಲ. ಹಿಂದಿರುಗುವ ಪೈಪನ್ನು ಒಂದು ಲೀಟರಿನ ಉಪ ತೊಟ್ಟಿಗೆ ಬಿಟ್ಟು, ಪಂಪ್ ಅದರಿಂದಲೇ ಎಳೆಯುವಂತೆ ಮಾಡುವುದು ಇದಕ್ಕೆ ಸರಿಯಾದ ಪರಿಹಾರ.

ಈಗ ಬಂಕುಗಳಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ದಶಕಗಳಿಂದ ಟ್ಯಾಂಕಿನಲ್ಲಿ ಅಂಟಿದ್ದ ಮಡ್ಡಿಯನ್ನು ಸಡಿಲಿಸುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದ ಪೈಪ್ ಎಳೆತದ ಕಡೆಯಲ್ಲಿದ್ದರೆ ಒಳಕ್ಕೆ ಕುಸಿದು ಮುಚ್ಚಿಕೊಳ್ಳಬಹುದು, ಒತ್ತಡದ ಕಡೆಯಲ್ಲಿದ್ದರೆ ಬೆಂಕಿಗೆ ಆಹ್ವಾನ. ಇಂಜೆಕ್ಷನ್ ಒತ್ತಡಕ್ಕೆಂದೇ ಮಾಡಿದ ಪೈಪ್ ಮತ್ತು ಕ್ಲಿಪ್ಪುಗಳನ್ನು ಮಾತ್ರ ಬಳಸಬೇಕು. ಈ ಒಂದು ವಿಷಯದಲ್ಲಿ ಉಳಿತಾಯಕ್ಕೆ ಅವಕಾಶವಿಲ್ಲ.

ನೀರು ಮತ್ತು ಶಾಖ

ನೀರಿನ ಶಾಖ 100 ಡಿಗ್ರಿಗಿಂತ ಕಡಿಮೆ ಇರುವಾಗಲೇ ಎಂಜಿನ್ ನಿಲ್ಲುತ್ತಿದ್ದರೆ ರೇಡಿಯೇಟರನ್ನು ಮುಟ್ಟುವ ಅಗತ್ಯವಿಲ್ಲ. ಆದರೆ ಆ ಶಾಖವನ್ನು ಪದ್ಮಿನಿಯ ಹಳೆಯ ಗೇಜಿನಿಂದ ತಿಳಿಯಲಾಗದು, ಏಕೆಂದರೆ ಗೇಜಿಗೆ ಸಂಕೇತ ಕಳಿಸುವ ಜಿಪ್ಸಿಯ ಸೆಂಡರಿಗೂ ಪದ್ಮಿನಿಯ ಗೇಜಿಗೂ ತಾಳೆ ಇರುವುದಿಲ್ಲ. ಸ್ಕ್ಯಾನರ್ ಇದ್ದರೆ ಇಸಿಎಂ ಸೆನ್ಸರಿನ ಅಂಕಿಯನ್ನು ನೋಡಬಹುದು. ಇಲ್ಲದಿದ್ದರೆ ಸೆನ್ಸರಿನ ರೋಧ ಅಳೆಯಬೇಕು. 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 0.3 ಕಿಲೋ ಓಮ್ ಇರುತ್ತದೆ.

ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ, ಚಿಕ್ಕಬಳ್ಳಾಪುರ ಇನ್ನೂ ಎತ್ತರ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಮುಚ್ಚಳ ಒತ್ತಡ ಹಿಡಿದಿರುವ ತನಕ ತೊಂದರೆಯಿಲ್ಲ. ಮುಚ್ಚಳದ ರಬ್ಬರ್ ಸೋತಿದ್ದರೆ ಥರ್ಮೋಸ್ಟಾಟ್ ತೆರೆಯುವುದಕ್ಕೂ ನೀರು ಕುದಿಯುವುದಕ್ಕೂ ನಡುವೆ ಹತ್ತು-ಹದಿನೈದು ಡಿಗ್ರಿಯಷ್ಟೇ ಅಂತರ ಉಳಿಯುತ್ತದೆ.

ಪದ್ಮಿನಿಯ ರೇಡಿಯೇಟರನ್ನೇ ಉಳಿಸಿಕೊಂಡವರು ಎಂಜಿನ್ನಿನ ಥರ್ಮೋಸ್ಟಾಟ್ ಮನೆ ರೇಡಿಯೇಟರ್ ಮುಚ್ಚಳಕ್ಕಿಂತ ಎತ್ತರದಲ್ಲಿದೆಯೇ ಎಂದು ಮಟ್ಟಗೋಲು ಇಟ್ಟು ನೋಡಬೇಕು. ಎತ್ತರದಲ್ಲಿದ್ದರೆ ಗಾಳಿ ಅಲ್ಲಿಯೇ ಸಿಕ್ಕಿಕೊಂಡು ಸೆನ್ಸರ್ ನೀರಿನ ಬದಲು ಆವಿಯಲ್ಲಿ ಕೂತು ಸುಳ್ಳು ಅಂಕಿ ಕೊಡುತ್ತದೆ. ಕಾರಿನ ಮೂತಿಯನ್ನು ಏರಿನ ಮೇಲೆ ನಿಲ್ಲಿಸಿ ನೀರು ತುಂಬುವುದು ತಾತ್ಕಾಲಿಕ ಉಪಾಯ, ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಹೆಡರ್ ಟ್ಯಾಂಕ್ ಹಾಕುವುದು ಶಾಶ್ವತ ಉಪಾಯ. ಫ್ಯಾನ್ ತಿರುಗುತ್ತಿದ್ದರೆ ಸಾಲದು, ಗಾಳಿ ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನೂ ನೋಡಬೇಕು. ವೈರ್ ಅದಲುಬದಲಾದ ಫ್ಯಾನ್ ಎಂಜಿನ್ನಿನ ಬಿಸಿಗಾಳಿಯನ್ನೇ ಮುಂದಕ್ಕೆ ದೂಡುತ್ತ, ಓಡುವಾಗ ಎದುರಿನ ಗಾಳಿಗೆ ಅಡ್ಡ ನಿಲ್ಲುತ್ತದೆ. ಮುಂಭಾಗದಿಂದ ಹಿಡಿದ ತೆಳು ಕಾಗದ ರೇಡಿಯೇಟರಿಗೆ ಅಂಟಿಕೊಂಡರೆ ಸರಿ, ಹಾರಿಹೋದರೆ ತಪ್ಪು.

ನಮ್ಮ ಸೀಮೆಯ ಬೋರ್‌ವೆಲ್ ನೀರು ಎಷ್ಟು ಗಡಸೆಂಬುದು ಮನೆಯ ಗೀಸರ್ ಬಿಚ್ಚಿದವರಿಗೆಲ್ಲ ಗೊತ್ತಿದೆ. ಪಾವಗಡದ ನೀರಾಗಲಿ ಕೋಲಾರದ ನೀರಾಗಲಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣದಂಥ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಬಿಟ್ಟು ಬೇರೇನನ್ನೂ ಹಾಕಬಾರದು.

ಸೆನ್ಸರುಗಳು

ಎಂಜಿನ್ ತಿರುಗುವ ಸಂಕೇತ ಬಿಸಿಯಲ್ಲಿ ಕಡಿದುಹೋಗುತ್ತಿದೆ ಎಂದು ಬಲ್ಬು ಮತ್ತು ಮುಳ್ಳು ಹೇಳಿದ್ದರೆ, ಆ ಎಂಜಿನ್ನಿನಲ್ಲಿ ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್ ಯಾವುದಿದೆಯೋ ಅದನ್ನು ಹೇರ್ ಡ್ರೈಯರಿನಿಂದ ನಿಧಾನವಾಗಿ ಕಾಯಿಸಿ ದೋಷವನ್ನು ಶೆಡ್ಡಿನಲ್ಲೇ ಬರಿಸಿಕೊಳ್ಳಬಹುದು. ವೈರನ್ನು ಸ್ಪಾರ್ಕ್ ಪ್ಲಗ್ ವೈರುಗಳಿಂದ ದೂರ ಒಯ್ಯಬೇಕು, ಅದರ ಹೆಣೆದ ಹೊದಿಕೆ ಒಂದೇ ತುದಿಯಲ್ಲಿ ಅರ್ತ್ ಆಗಿರಬೇಕು. ಹಾರ್ನೆಸ್ (ವೈರುಗಳ ಕಟ್ಟು) ಗಿಡ್ಡವೆಂಬ ಕಾರಣಕ್ಕೆ ಇಸಿಎಂ ಅನ್ನು ಬಾನೆಟ್ಟಿನೊಳಗೆ ಕೂಡಿಸಿದ್ದರೆ ಅದನ್ನು ಮೊದಲು ಡ್ಯಾಶ್‌ಬೋರ್ಡಿನ ಕೆಳಗೆ ತರಬೇಕು. ಶಾಖಕ್ಕೂ ನೀರಿಗೂ ಒಡ್ಡಿದ ಇಸಿಎಂ ಮೇಲೆ ಮಾಡುವ ಯಾವ ಪರೀಕ್ಷೆಯನ್ನೂ ನಂಬಲಾಗದು.

ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರನ್ನು ನಮ್ಮ ಎತ್ತರಕ್ಕೆ ತಕ್ಕಂತೆ ಓದಬೇಕು. ಎಂಜಿನ್ ಓಡಿಸದೆ ಕೀಲಿ ಮಾತ್ರ ಹಾಕಿದಾಗ ಸಮುದ್ರಮಟ್ಟದ ಊರಿನಲ್ಲಿ ಅದು 101 ಕಿಲೋ ಪಾಸ್ಕಲ್ ತೋರಿಸಬೇಕು, ತುಮಕೂರಿನಲ್ಲಿ 91-92. ಪುಸ್ತಕದ 101 ಕಾಣದೆಂದು ಒಳ್ಳೆಯ ಸೆನ್ಸರನ್ನು ಎಸೆಯಬಾರದು. ದೇವರಾಯನದುರ್ಗ ಹತ್ತಿದಂತೆ ಅಂಕಿ ಇನ್ನೂ ಮೂರು-ನಾಲ್ಕು ಇಳಿಯಬೇಕು. ಇಳಿಯದಿದ್ದರೆ ಸೆನ್ಸರ್ ಅಥವಾ ಅದರ ರಬ್ಬರ್ ಕೊಳವೆ ಕೆಟ್ಟಿದೆ.

ನಿಲ್ಲಿಸಲು ಬರುವಾಗ ಮಾತ್ರ ಆರುವ ದೋಷಕ್ಕೆ ಈ ಎಂಜಿನ್ ಅದಲುಬದಲಿನಲ್ಲೇ ಹುಟ್ಟುವ ಕಾರಣವೊಂದಿದೆ. ಜಿಪ್ಸಿಯಲ್ಲಿ ಸ್ಪೀಡೋಮೀಟರಿನ ಚಾಲನೆ ಟ್ರಾನ್ಸ್‌ಫರ್ ಕೇಸಿನಿಂದ ಬರುತ್ತದೆ. ಅದನ್ನು ಕೈಬಿಟ್ಟಾಗ ವೇಗದ ಸಂಕೇತವೂ ಹೋಗುತ್ತದೆ, ಕಾರು ಉರುಳುತ್ತಿದೆಯೋ ನಿಂತಿದೆಯೋ ಇಸಿಎಂಗೆ ತಿಳಿಯದೆ ಐಡ್ಲಿಂಗನ್ನು ಸರಿಯಾಗಿ ಹಿಡಿಯಲಾರದು. ಪ್ರೊಪೆಲ್ಲರ್ ಶಾಫ್ಟಿನ ಫ್ಲೇಂಜಿನ ಮೇಲೆ ಅಯಸ್ಕಾಂತ ಕೂಡಿಸಿ ಪಕ್ಕದಲ್ಲಿ ಸೆನ್ಸರ್ ಇಟ್ಟು ಸಂಕೇತ ಕೊಡಬಹುದು. ಅದಕ್ಕೂ ಮೊದಲು ಥ್ರಾಟಲ್ ಬಾಡಿಯ ಮಸಿ ತೆಗೆದು, ನಿರ್ವಾತ ಕೊಳವೆಗಳಲ್ಲಿ ಸೀಳು ಇದೆಯೇ ಎಂದು ನೋಡುವುದು ಅಗ್ಗದ ಕೆಲಸ.

ರಿಪೇರಿಯ ನಂತರ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್ ಇಟ್ಟು ಮತ್ತೆ ಓಡಿಸಬೇಕು. ಬೆಳಿಗ್ಗೆ ಆರು ಗಂಟೆಗೆ ಓಡಿಸಿ ‘ಸರಿಹೋಯಿತು’ ಎಂದರೆ ಏನೂ ತಿಳಿದಂತಾಗಲಿಲ್ಲ. ದುರಸ್ತಿ ಮುಗಿದ ಮೇಲೆ ಬಿಸಿ ಎಂಜಿನ್ನಿನಲ್ಲಿ ಐದು ಅಂಕಿಗಳನ್ನು ಅಳೆದು ಬಾನೆಟ್ಟಿನ ಒಳಭಾಗದಲ್ಲಿ ಚೀಟಿ ಅಂಟಿಸಬೇಕು: ಐಡ್ಲಿಂಗಿನಲ್ಲಿ ಬ್ಯಾಟರಿಯ ವೋಲ್ಟೇಜ್, ಬ್ಲಾಕಿನ ಅರ್ತ್ ಕುಸಿತ, ಇಸಿಎಂ ಅರ್ತ್ ಕುಸಿತ, ರೈಲಿನ ಒತ್ತಡ, ಅರ್ಧ ನಿಮಿಷಕ್ಕೆ ಹಿಂದಿರುಗುವ ಪೆಟ್ರೋಲು. ಡ್ಯಾಶ್‌ಬೋರ್ಡಿನ ಮೂರು ಬಲ್ಬುಗಳನ್ನು ಒಂದು ಬೇಸಿಗೆ ಕಳೆಯುವವರೆಗೆ ತೆಗೆಯದಿದ್ದರೆ ನಷ್ಟವಿಲ್ಲ, ಆದರೆ ಟೀ ಜಾಯಿಂಟ್ ಮತ್ತು ಗೇಜನ್ನು ಪರೀಕ್ಷೆ ಮುಗಿದ ದಿನವೇ ಬಿಚ್ಚಿ, ಪೆಟ್ರೋಲ್ ಪೈಪನ್ನು ಜೋಡಣೆಯಿಲ್ಲದ ಒಂದೇ ತುಂಡಾಗಿ ಹಾಕಿ, ಪಂಪ್ ಓಡಿಸಿ, ಎಲ್ಲಿಯೂ ಪಸೆ ಇಲ್ಲವೆಂದು ಕೈಯಿಂದ ಮುಟ್ಟಿ ನೋಡಿದ ಮೇಲಷ್ಟೇ ಕಾರನ್ನು ಮಾಲೀಕರಿಗೆ ಕೊಡಬೇಕು.